ಹೊಯ್ಗೆ ಇಲ್ಲದ ಬೀಚಿನಲ್ಲಿ ಮೂರು ರಾತ್ರಿ

ಅಮ್ಮ ಜರ್ಮನಿಗೆ ಬಂದ ಐದನೇ ವಾರ, ಪಾತ್ರೆ ಒರೆಸುತ್ತಾ ಒಂದು ಮಾತು ಹೇಳಿದಳು. "ನಿಮ್ಮಲ್ಲಿ ಎಲ್ಲ ಚಂದ ಉಂಟು ಮಗಾ. ಕಡಲೊಂದು ಇಲ್ಲ."

ಗಂಗೊಳ್ಳಿಯಲ್ಲಿ ಹುಟ್ಟಿ, ಮದುವೆಯಾಗಿ ಮಲ್ಪೆ ಕಡೆಗೆ ಬಂದವಳು ಅವಳು. ಅರವತ್ತೈದು ವರ್ಷದಲ್ಲಿ ಕಡಲಿನ ಸದ್ದಿಲ್ಲದೆ ಇಷ್ಟು ರಾತ್ರಿ ಮಲಗಿದ್ದು ಇದೇ ಮೊದಲಂತೆ. ನಾವಿರುವುದು ಮ್ಯೂನಿಕ್ ಹತ್ತಿರ. ಅಲ್ಲಿಂದ ಕಡಲು ನೋಡಬೇಕಾದರೆ ಒಂದೋ ದೇಶದ ಉತ್ತರದ ತುದಿಗೆ ಹೋಗಬೇಕು, ಇಲ್ಲ ಆಲ್ಪ್ಸ್ ದಾಟಿ ಇಟಲಿಗೆ ಇಳಿಯಬೇಕು. ಉತ್ತರದ ನೀರು ಜೂನ್‌ನಲ್ಲೂ ಕಾಲು ಸೆಟೆಯುವಷ್ಟು ತಣ್ಣಗೆ. ಹಾಗಾಗಿ ಇಟಲಿ. ಇಟಲಿಯಲ್ಲೂ ಬಾರಿ ಯಾಕೆ ಅಂದರೆ, ನಮಗೆ ಬೇಕಾದ ದಿನಕ್ಕೆ ಎಲ್ಲಕ್ಕಿಂತ ಅಗ್ಗದ ವಿಮಾನ ಇದ್ದದ್ದು ಅಲ್ಲಿಗೆ. ಇದಕ್ಕಿಂತ ದೊಡ್ಡ ಕಾರಣ ಏನೂ ಇಲ್ಲ.

ಬಾರಿ ಇಟಲಿಯ ಬೂಟಿನ ಹಿಮ್ಮಡಿಯ ಸ್ವಲ್ಪ ಮೇಲೆ, ಆಡ್ರಿಯಾಟಿಕ್ ಕಡಲಿಗೆ ಮುಖ ಮಾಡಿ ನಿಂತಿರುವ ಬಂದರು ಊರು. ಪುಲಿಯಾ ಪ್ರಾಂತದ ರಾಜಧಾನಿ. ಇಲ್ಲಿಂದ ಅಲ್ಬೇನಿಯಾ, ಮಾಂಟೆನೆಗ್ರೊ, ಗ್ರೀಸ್ ಕಡೆಗೆ ದೊಡ್ಡ ದೊಡ್ಡ ಫೆರಿಗಳು ಹೊರಡುತ್ತವೆ. ತುಂಬಾ ಜನ ಇಲ್ಲಿ ಒಂದು ರಾತ್ರಿ ಉಳಿದು ಹಡಗು ಹತ್ತಿ ಹೋಗುತ್ತಾರೆ. ನಾವು ಮೂರು ರಾತ್ರಿ ಉಳಿಯಲು ಹೊರಟೆವು, ಅದೂ "ಬೀಚ್ ಹೋಟೆಲ್" ಅಂತ ಬೋರ್ಡು ಹಾಕಿಕೊಂಡ ಕಡೆ.

ರಾತ್ರಿಗೆ 62 ಯೂರೋ. ನಮ್ಮ ಲೆಕ್ಕದಲ್ಲಿ ಆರು ಸಾವಿರ ರೂಪಾಯಿ ಹತ್ತಿರ. ಇಟಲಿಯ ಕಡಲ ದಂಡೆಯಲ್ಲಿ ಬೇಸಿಗೆಗೆ ಇದು ಅಗ್ಗವೇ. ಆಗಸ್ಟ್‌ನಲ್ಲಾದರೆ ಈ ರೇಟಿಗೆ ಬಾಗಿಲು ಕೂಡ ತೆಗೆಯುವುದಿಲ್ಲ, ಯಾಕೆಂದರೆ ಆಗಸ್ಟ್ 15ರ ಆಸುಪಾಸು ಇಡೀ ಇಟಲಿಯೇ ರಜೆ ಹಾಕಿ ನೀರಿಗೆ ಇಳಿದಿರುತ್ತದೆ. ಫೋಟೋದಲ್ಲಿ ನೀಲಿ ನೀರು, ನೀಲಿ ಕೊಡೆ, ಬಿಳಿ ಕುರ್ಚಿ. ಕೆಳಗೆ ಇಟಾಲಿಯನ್‌ನಲ್ಲಿ ಎರಡು ಸಾಲು ಇತ್ತು. ನಾನು ಮೊಬೈಲಿನಲ್ಲಿ ಅನುವಾದ ಮಾಡಿ ಓದಿದೆ, ಆದರೆ ಓದಬೇಕಾದ ಹಾಗೆ ಓದಲಿಲ್ಲ.

ಒಂದು, "ವಿಸ್ತಾ ಮಾರೆ ಲಾತೆರಾಲೆ". ಸಮುದ್ರ ಪಕ್ಕದಿಂದ ಕಾಣುತ್ತದೆ ಅಂತ. ಎಷ್ಟು ಪಕ್ಕದಿಂದ ಅನ್ನುವುದನ್ನು ಅವರು ಬರೆಯುವುದಿಲ್ಲ. ಎರಡು, "ಸ್ಪಿಯಾಜ್ಜಾ ಕೊನ್ವೆನ್ಸಿಯೊನಾತಾ". ಬೀಚು ಹೋಟೆಲಿನದ್ದಲ್ಲ, ಬೇರೆಯವರದ್ದು, ಹೋಟೆಲಿಗೂ ಅವರಿಗೂ ಒಂದು ಒಪ್ಪಂದ ಇದೆ, ನಿಮಗೆ ಸ್ವಲ್ಪ ರಿಯಾಯಿತಿ ಸಿಗಬಹುದು. ಇಷ್ಟೇ ಅದರ ಅರ್ಥ. ನೀವೂ ಎಲ್ಲಾದರೂ ಇಟಲಿಯ ಅಗ್ಗದ ಬೀಚ್ ಹೋಟೆಲ್ ಬುಕ್ ಮಾಡುವುದಿದ್ದರೆ, ಈ ಎರಡು ಪದ ಇದೆಯಾ ಅಂತ ಮೊದಲು ಹುಡುಕಿ.

ಹೋಟೆಲ್ ಇದ್ದದ್ದು ಬಾರಿ ಊರೊಳಗಲ್ಲ, ಉತ್ತರಕ್ಕೆ ಸಾಂತೊ ಸ್ಪಿರಿತೊ ಅನ್ನುವ ಬಡಾವಣೆಯಲ್ಲಿ. ಮೊದಲು ಮೀನುಗಾರರ ಊರು, ಈಗ ಬಾರಿ ನಗರಕ್ಕೇ ಸೇರಿದೆ. ಏರ್‌ಪೋರ್ಟಿಗೆ ಬಹಳ ಹತ್ತಿರ. ಎಷ್ಟು ಹತ್ತಿರ ಅಂದರೆ ವಿಮಾನ ಇಳಿಯುವಾಗಲೇ ಅಮ್ಮ ಕಿಟಕಿಯಿಂದ ಮನೆಗಳ ಮಹಡಿಯಲ್ಲಿ ಒಣಗಲು ಹಾಕಿದ ಬಟ್ಟೆ ಎಣಿಸಿದಳು. ಆದರೆ ಇಳಿದ ಮೇಲೆ ಅಲ್ಲಿಗೆ ಹೋಗಲು ನಾನು ಆರಿಸಿಕೊಂಡ ದಾರಿ ಮಾತ್ರ ಕೈ ಸುತ್ತಿಸಿ ಮೂಗು ಹಿಡಿದ ಹಾಗೆ. ಏರ್‌ಪೋರ್ಟಿನ ಕೆಳಗಿನಿಂದಲೇ ಹೊರಡುವ ಟ್ರೈನ್ ಹಿಡಿದು ಸುಮಾರು 20 ನಿಮಿಷ ಊರಿನ ಮಧ್ಯಕ್ಕೆ ಹೋಗುವುದು, ಹೊರಗೆ ಬಂದು ಪಕ್ಕದ ಬಾರಿ ಚೆಂತ್ರಾಲೆ ಸ್ಟೇಷನ್ನಿನಲ್ಲಿ ಬೇರೆ ಟಿಕೆಟ್ ಮಾಡಿಸಿ, ಮತ್ತೆ ಅದೇ ಉತ್ತರ ದಿಕ್ಕಿಗೆ ಪ್ಯಾಸೆಂಜರ್ ಟ್ರೈನ್ ಹತ್ತುವುದು. ಟ್ಯಾಕ್ಸಿಯ ದುಡ್ಡು ಉಳಿಸಿದೆ ಅಂತ ನನಗೆ ಖುಷಿ. ಸೂಟ್‌ಕೇಸ್ ಎಳೆದವಳು ಅಮ್ಮ.

ಇಲ್ಲಿ ಒಂದು ಮಾತು ಸುಮ್ನೆ ಹೇಳಿಬಿಡುತ್ತೇನೆ. ಇಟಲಿಯ ಪ್ಯಾಸೆಂಜರ್ ಟ್ರೈನಿಗೆ ಕಾಗದದ ಟಿಕೆಟ್ ತೆಗೆದರೆ, ಹತ್ತುವ ಮೊದಲು ಪ್ಲಾಟ್‌ಫಾರಂನ ಸಣ್ಣ ಡಬ್ಬಿಯೊಳಗೆ ತೂರಿಸಿ ಮುದ್ರೆ ಒತ್ತಿಸಿಕೊಳ್ಳಬೇಕು. ಮುದ್ರೆ ಇಲ್ಲದಿದ್ದರೆ ಕೈಯಲ್ಲಿ ಟಿಕೆಟ್ ಇದ್ದೂ ದಂಡ. ನಮ್ಮೆದುರೇ ಇಬ್ಬರು ಹುಡುಗರಿಗೆ ಬಿತ್ತು.

ಹೋಟೆಲ್ ಮೂರು ಮಹಡಿಯ ಹಳೇ ಕಟ್ಟಡ. ಸುಣ್ಣ ಉಪ್ಪುಗಾಳಿಗೆ ಎದ್ದು ಹೋಗಿತ್ತು. ಅದನ್ನು ನೋಡಿ ಅಮ್ಮನಿಗೆ ಮೊದಲ ಸಲ ಸಮಾಧಾನ ಆಯಿತು. "ಕಡಲ ಬದಿಯ ಗೋಡೆ ಅಂದ್ರೆ ಹೀಗೇ ಇರ್ಬೇಕು" ಅಂದಳು. ಕೌಂಟರಿನಲ್ಲಿ ಎಪ್ಪತ್ತರ ಹತ್ತಿರದ ಒಬ್ಬರು ಕೂತಿದ್ದರು. ಇಂಗ್ಲಿಷ್ ಅಷ್ಟಕ್ಕಷ್ಟೆ. ನನ್ನನ್ನು "ಸಿಞೋರಾ" ಅಂದರು, ಅಮ್ಮನನ್ನು ಸೀದಾ "ಮಮ್ಮಾ" ಅಂದರು.

ಮೊದಲು ಪಾಸ್‌ಪೋರ್ಟ್ ಕೇಳಿದರು. ಎರಡನ್ನೂ ತೆಗೆದುಕೊಂಡು, ಕನ್ನಡಕ ಮೂಗಿನ ತುದಿಗೆ ಇಳಿಸಿ, ಒಂದೊಂದೇ ಬೆರಳಲ್ಲಿ ಕಂಪ್ಯೂಟರಿಗೆ ಹೊಡೆಯಲು ಶುರು ಮಾಡಿದರು. ನಮ್ಮ ಹೆಸರು, ತಂದೆಯ ಹೆಸರು, ಊರು ಎಲ್ಲ ಸೇರಿ ಇರುವ ಉದ್ದ ನೋಡಿ ಪಾಪ ಒಂದು ನಿಟ್ಟುಸಿರು ಬಿಟ್ಟರು. ಇಟಲಿಯಲ್ಲಿ ಯಾವ ಹೋಟೆಲಿಗೆ ಹೋದರೂ ಇದು ತಪ್ಪದು. ಉಳಿದುಕೊಂಡವರ ವಿವರವನ್ನು 24 ಗಂಟೆಯೊಳಗೆ ಪೊಲೀಸರ ಆನ್‌ಲೈನ್ ವ್ಯವಸ್ಥೆಗೆ ಕಳಿಸಬೇಕು ಅಂತ ಕಾನೂನೇ ಇದೆ. ಅಮ್ಮನಿಗೆ ಪಾಸ್‌ಪೋರ್ಟ್ ಬೇರೆಯವರ ಕೈಗೆ ಹೋದದ್ದು ಸರಿ ಕಾಣಲಿಲ್ಲ. ಅದು ವಾಪಸ್ ಬರುವವರೆಗೆ ಕೌಂಟರಿನ ಅಂಚು ಹಿಡಿದುಕೊಂಡೇ ನಿಂತಿದ್ದಳು.

ಆದರೆ ನಮ್ಮವರಿಗೆ ಇದರಿಂದ ಒಂದು ಉಪಕಾರ ಇದೆ. ಅಮ್ಮನ ಹಾಗೆ ಪ್ರವಾಸಿ ವೀಸಾದಲ್ಲಿ ಶೆಂಗೆನ್ ಗುಂಪಿನ (ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳು) ಇನ್ನೊಂದು ದೇಶಕ್ಕೆ ಬಂದು, ಅಲ್ಲಿಂದ ಇಟಲಿಗೆ ಬರುವವರು, 8 ದಿನದ ಒಳಗೆ ನಾನು ಬಂದಿದ್ದೇನೆ ಅಂತ ಪೊಲೀಸ್ ಕಚೇರಿಗೆ ತಿಳಿಸಬೇಕು. ಹೋಟೆಲಿನಲ್ಲಿ ಉಳಿದರೆ ಈ ದಾಖಲಾತಿಯೇ ಅದಕ್ಕೆ ಸಾಕು. ಪರಿಚಯದವರ ಮನೆಯಲ್ಲಿ ಉಳಿಯುವವರು ಮಾತ್ರ ಮರೆಯಬಾರದು. ನಾನು ಆ ಕಾಗದದ ಒಂದು ಪ್ರತಿ ಕೇಳಿ ತೆಗೆದುಕೊಂಡೆ.

ಆಮೇಲೆ ಚಿಲ್ಲರೆ ಬಾಬ್ತುಗಳು ಒಂದೊಂದೇ ಹೊರಗೆ ಬಂದವು. ಪ್ರವಾಸಿ ತೆರಿಗೆ ರೂಮಿನ ಬಾಡಿಗೆಯಲ್ಲಿ ಸೇರಿಲ್ಲ, ತಲೆಗೆ ಇಷ್ಟು, ರಾತ್ರಿಗೆ ಇಷ್ಟು ಅಂತ ಕೌಂಟರಿನಲ್ಲೇ ಬೇರೆ ಕೊಡಬೇಕು. ಅದು ಊರಿನ ನಿಯಮ, ಹೋಟೆಲಿನವರ ತಪ್ಪಲ್ಲ. ಆದರೆ ಎ.ಸಿ.ಗೆ ದಿನಕ್ಕೆ 7 ಯೂರೋ ಬೇರೆ ಅಂದಾಗ ನನಗೆ ಪಿತ್ತ ನೆತ್ತಿಗೇರಿತು. ಪೇಜಿನಲ್ಲಿ "ಎ.ಸಿ. ರೂಮ್" ಅಂತ ಹಾಕಿದ್ದಿರಲ್ಲ ಅಂದೆ. "ಎ.ಸಿ. ಇದೆ, ಸಿಞೋರಾ," ಅಂದರು ಅವರು ಶಾಂತವಾಗಿ. ಡ್ರಾಯರ್ ತೆಗೆದು ತೋರಿಸಿದರು. ಒಳಗೆ ರಿಮೋಟುಗಳು ಸಾಲಾಗಿ ಮಲಗಿದ್ದವು, ಒಂದೊಂದಕ್ಕೂ ರೂಮ್ ನಂಬರಿನ ಚೀಟಿ. ಎ.ಸಿ. ರೂಮಿನಲ್ಲಿ, ರಿಮೋಟ್ ಡ್ರಾಯರಿನಲ್ಲಿ. ನಾನು ಮಾತು ಬೆಳೆಸುವ ಮೊದಲೇ ಅಮ್ಮ ಕೈ ಹಿಡಿದು ಎಳೆದಳು. "ಕಡಲಿನ ಗಾಳಿ ಬರುವಲ್ಲಿ ಎ.ಸಿ. ಎಂತಕ್ಕೆ? ಕಿಟಕಿ ತೆಗೆದ್ರೆ ಆಯ್ತು."

ಕಿಟಕಿ ತೆಗೆಯುವುದೂ ಅಷ್ಟು ಸುಲಭ ಇರಲಿಲ್ಲ. ಅಲ್ಲಿ ಕಿಟಕಿಗೆ ಹೊರಗಿನಿಂದ ಅಂಗಡಿ ಶಟರಿನ ಹಾಗೆ ಒಂದು ಸುರುಳಿ ಪರದೆ. ಗೋಡೆಯ ಬದಿಯ ಬಟ್ಟೆಪಟ್ಟಿ ಎಳೆದರೆ ಮೇಲೆ ಹೋಗುತ್ತದೆ. ಬಾವಿಯಿಂದ ನೀರು ಸೇದಿ ಅಭ್ಯಾಸ ಇದ್ದ ಅಮ್ಮ ಎರಡೇ ಎಳೆತಕ್ಕೆ ಏರಿಸಿದಳು. ಬಾಲ್ಕನಿಗೆ ಹೋಗಿ ಸಮುದ್ರ ಹುಡುಕಿದೆವು. ಎದುರಿನ ಮನೆ, ಅದರ ಪಕ್ಕ ಇನ್ನೊಂದು ಮನೆ. ಎರಡರ ನಡುವೆ, ಕಂಬಿ ಹಿಡಿದು ಎಡಕ್ಕೆ ಬಾಗಿದರೆ, ಸೀರೆಯ ಅಂಚಿನಷ್ಟು ಅಗಲದ ನೀಲಿ. ಅದೇ ನಮ್ಮ ಲಾತೆರಾಲೆ.

"ಸಾಕು, ಸದ್ದು ಕೇಳ್ತದೆ" ಅಂದಳು ಅಮ್ಮ.

ಸಾಯಂಕಾಲ ಬೀಚಿಗೆ ಹೊರಟೆವು. ಹೋಟೆಲಿನಿಂದ ರಸ್ತೆ ದಾಟಿದರೆ ಕಡಲೇ, ಅದು ಸುಳ್ಳಲ್ಲ. ಆದರೆ ದಂಡೆಯಲ್ಲಿ ಒಂದು ಹಿಡಿ ಮರಳಿಲ್ಲ. ಬಿಳಿಚು ಬಣ್ಣದ ಸುಣ್ಣಕಲ್ಲಿನ ಬಂಡೆ, ತೂತು ತೂತು, ಚಪ್ಪಲಿ ಇಲ್ಲದೆ ಕಾಲಿಟ್ಟರೆ ಸೂಜಿ ಚುಚ್ಚಿದ ಹಾಗೆ. ಅಲ್ಲಲ್ಲಿ ಬಂಡೆಗೆ ಕಾಂಕ್ರೀಟ್ ಮೆತ್ತಿ ಚಪ್ಪಟೆ ಮಾಡಿದ್ದಾರೆ. ಅದರ ಅಂಚಿಗೆ ಒಂದು ಕಬ್ಬಿಣದ ಏಣಿ, ಸೀದಾ ನೀರಿಗೆ. ಜನ ಟವೆಲ್ ಹಾಸಿ ಬಂಡೆಯ ಮೇಲೆ ಹಲ್ಲಿಯ ಹಾಗೆ ಮಲಗಿದ್ದರು. ಬಿಸಿ ಜಾಸ್ತಿ ಆದಾಗ ಎದ್ದು, ಏಣಿ ಇಳಿದು, ಮುಳುಗಿ, ಮತ್ತೆ ಹತ್ತಿ ಬಂದು ಮಲಗುತ್ತಿದ್ದರು.

ಅಮ್ಮ ಸುಮಾರು ಹೊತ್ತು ನೋಡಿದಳು. "ಹೊಯ್ಗೆಯೇ ಇಲ್ವಲ್ಲ ಮಾರಾಯ್ತಿ!"

ಬಾರಿಯ ಆಚೀಚೆ ಕಡಲಂಚು ಹೆಚ್ಚಾಗಿ ಹೀಗೇ, ಬಂಡೆ. ಇದು ನಾನು ಬುಕ್ ಮಾಡುವ ಮೊದಲು ನೋಡಬೇಕಿತ್ತು. ಹೋಟೆಲಿನ "ಒಪ್ಪಂದದ ಬೀಚು" ಅಲ್ಲಿಂದ ಹತ್ತು ನಿಮಿಷ ನಡಿಗೆ. ಅದೂ ಹಲಗೆ ಹಾಸಿದ ಕಾಂಕ್ರೀಟು. ಒಂದು ಕೊಡೆ, ಎರಡು ಒರಗುಮಂಚ, ದಿನಕ್ಕೆ 25 ಯೂರೋ. ನಮ್ಮ ಹೋಟೆಲಿನವರಿಗೆ 22. ಮೂರು ಯೂರೋದ ಒಪ್ಪಂದ! ಇಟಲಿಯಲ್ಲಿ ಕಡಲಂಚು ಸರಕಾರದ್ದು. ಆದರೆ ಅದರ ಎಷ್ಟೋ ಭಾಗವನ್ನು ಹೀಗೆ ಖಾಸಗಿಯವರಿಗೆ ನಡೆಸಲು ಕೊಟ್ಟಿರುತ್ತಾರೆ. ಅದಕ್ಕೆ "ಲೀದೊ" ಅನ್ನುತ್ತಾರೆ. ನೀರಿನ ಅಂಚಿಗೆ ಹೋಗುವ ಹಕ್ಕು ಎಲ್ಲರಿಗೂ ಇದೆ, ದುಡ್ಡು ಮಂಚಕ್ಕೆ ಮತ್ತು ನೆರಳಿಗೆ. ಕಡಲ ಬದಿಯಲ್ಲಿ ಕೂರಲು ದುಡ್ಡು ಕೊಡುವುದು ಅನ್ನುವ ವಿಚಾರ ಅಮ್ಮನಿಗೆ ಇವತ್ತಿಗೂ ಅರ್ಥ ಆಗಿಲ್ಲ. ನಾವು ಏಣಿಯ ಪಕ್ಕದಲ್ಲೇ ಪುಕ್ಕಟೆ ಕೂತೆವು.

ಕತ್ತಲಾಗುವಾಗ ಅಮ್ಮ ಇನ್ನೊಂದು ಕಂಡುಹಿಡಿದಳು. ನಾವು ಬಂದಾಗ ಏಣಿಯ ಮೂರನೇ ಮೆಟ್ಟಿಲಿಗೆ ಇದ್ದ ನೀರು, ಎರಡು ಗಂಟೆ ಕಳೆದರೂ ಅಲ್ಲೇ ಇತ್ತು. "ಇಲ್ಲಿ ಭರತ ಇಳಿತ ಇಲ್ವಾ?" ನಾನು ಆ ಏಣಿಯನ್ನು ಒಂದು ಏಣಿ ಅಂತ ಬಿಟ್ಟರೆ ಬೇರೇನೂ ಅಂದುಕೊಂಡಿರಲಿಲ್ಲ. ಆಮೇಲೆ ಓದಿ ನೋಡಿದೆ. ಮೆಡಿಟರೇನಿಯನ್ ಹೆಚ್ಚುಕಡಿಮೆ ಮುಚ್ಚಿದ ಕಡಲು. ಮಹಾಸಾಗರಕ್ಕೆ ಸೇರುವುದು ಜಿಬ್ರಾಲ್ಟರಿನ ಸಪುರ ಬಾಯಿಂದ. ಹಾಗಾಗಿ ಉಬ್ಬರವಿಳಿತ ಇಲ್ಲಿ ಗೇಣಿನ ಲೆಕ್ಕದಲ್ಲಿ. ನಮ್ಮಲ್ಲಿ ಆಳೆತ್ತರ ಏರಿ ಇಳಿಯುವ ನೀರನ್ನು ನೋಡಿ ದೋಣಿ ಬಿಡುವ ಹೊತ್ತು ಲೆಕ್ಕ ಹಾಕಿ ಬೆಳೆದವಳಿಗೆ ಇದು ವಿಚಿತ್ರ ಕಂಡಿತು. "ಹಾಗಾದ್ರೆ ಈ ಕಡಲು ಉಸಿರೇ ಆಡೂದಿಲ್ಲ" ಅಂದಳು.

ಆ ರಾತ್ರಿಯ ಕತೆ ಹೇಳಲೇಬೇಕು. ಅಮ್ಮ ಸ್ನಾನಕ್ಕೆ ಹೋದಳು. ಅಂಗೈ ಅಗಲದ ಬಾತ್‌ರೂಮ್, ಅದರಲ್ಲೇ ಶವರು, ಕಮೋಡು, ಬಿಡೆ ಅನ್ನುವ ತೊಳೆದುಕೊಳ್ಳುವ ತೊಟ್ಟಿ. ಶವರಿನ ಪಕ್ಕ ಚಾವಣಿಯ ಹತ್ತಿರದಿಂದ ಒಂದು ಬಿಳಿ ದಾರ ಇಳಿಬಿದ್ದಿತ್ತು, ತುದಿಗೆ ಒಂದು ಕೆಂಪು ಗುಂಡಿ. ನಮ್ಮ ಹಳೇ ಮನೆಯಲ್ಲಿ ದಾರ ಎಳೆದರೆ ಲೈಟ್ ಹತ್ತುತ್ತಿತ್ತಲ್ಲ, ಹಾಗೆ ಇದು ಬಿಸಿನೀರಿಗೋ ಫ್ಯಾನಿಗೋ ಇರಬೇಕು ಅಂತ ಅವಳ ಅಂದಾಜು. ಎಳೆದಳು. ಏನೂ ಆಗಲಿಲ್ಲ. ಇನ್ನೊಮ್ಮೆ ಜೋರಾಗಿ ಎಳೆದಳು. ಕೆಳಗಿನ ಮಹಡಿಯಲ್ಲಿ ಗಂಟೆ ಬಾರಿಸುವುದು ನನಗೆ ಕೇಳಿತು. ಯಾರೋ ಏನೋ ಅಂದುಕೊಂಡೆ. ಒಂದು ನಿಮಿಷದಲ್ಲಿ ಬಾಗಿಲು ದಬದಬ. ತೆಗೆದರೆ ಕೌಂಟರಿನ ಹಿರಿಯರು, ಮೂರು ಮಹಡಿ ಹತ್ತಿ ಏದುಸಿರು, ಕೈಯಲ್ಲಿ ಬೀಗದ ಗೊಂಚಲು. "ಮಮ್ಮಾ? ಮಮ್ಮಾ?" ಅಂತ ಬಾತ್‌ರೂಮಿನ ಕಡೆ ನುಗ್ಗುತ್ತಿದ್ದಾರೆ. ಒಳಗಿನಿಂದ ಅಮ್ಮ, "ಯಾರದು? ಆ ಗಂಡಸನ್ನು ಆಚೆ ಕಳ್ಸು!" ಅಂತ ಕೂಗುತ್ತಿದ್ದಾಳೆ. ನಾನು ಮಧ್ಯದಲ್ಲಿ ಎರಡೂ ಕೈ ಅಗಲಿಸಿ ನಿಂತಿದ್ದೇನೆ.

ಅದು ತುರ್ತು ದಾರ. ಬಾತ್‌ರೂಮಿನಲ್ಲಿ ಬಿದ್ದವರು, ತಲೆ ತಿರುಗಿದವರು ಎಳೆಯಲಿ ಅಂತ ಇಟಲಿಯ ಹೋಟೆಲುಗಳಲ್ಲಿ ಶವರಿನ ಪಕ್ಕ ಇರುತ್ತದೆ. ಊರಿನಿಂದ ಬರುವ ಹಿರಿಯರಿಗೆ ರೂಮ್ ತೋರಿಸುವಾಗ ಮೊದಲು ಇದನ್ನು ತೋರಿಸಿ. ಬಟ್ಟೆ ಒಣಗಿಸಲೂ ಬಳಸಬೇಡಿ, ನಮ್ಮವರು ಅದನ್ನೂ ಮಾಡುತ್ತಾರೆ ಅಂತ ನನಗೆ ಗೊತ್ತು. ನಾನು ಹತ್ತು ಸಲ ಸ್ಕೂಜಿ ಅಂದೆ. ಅವರು ಎದೆಯ ಮೇಲೆ ಕೈ ಇಟ್ಟುಕೊಂಡು ನಕ್ಕರು. ಎ.ಸಿ. ವಿಚಾರಕ್ಕೆ ಅವರ ಮೇಲೆ ಇಟ್ಟುಕೊಂಡಿದ್ದ ಸಿಟ್ಟು ನನಗೆ ಅಲ್ಲಿಗೆ ಮುಗಿಯಿತು. ಆ ವಯಸ್ಸಿನಲ್ಲಿ ಮೂರು ಮಹಡಿ ಓಡಿ ಬಂದವರ ಹತ್ತಿರ ಏಳು ಯೂರೋದ ಜಗಳ ಏನು ಆಡುವುದು!

ಬೆಳಗಿನ ತಿಂಡಿ ಬಾಡಿಗೆಯಲ್ಲೇ ಸೇರಿತ್ತು. ಇಟಲಿಯಲ್ಲಿ ತಿಂಡಿ ಅಂದರೆ ಸಿಹಿ. ಜ್ಯಾಮ್ ತುಂಬಿದ ಕೊರ್ನೆತ್ತೊ, ಪ್ಯಾಕೆಟಿನಲ್ಲಿ ರಸ್ಕು, ಪುಟ್ಟ ಡಬ್ಬಿಯಲ್ಲಿ ಜೇನು. ಅಮ್ಮ ರಸ್ಕು ನೋಡಿ ಹಳೇ ಗೆಳತಿ ಸಿಕ್ಕ ಹಾಗೆ ಹಿಗ್ಗಿದಳು. ಆದರೆ ಅದ್ದಿಕೊಳ್ಳಲು ಚಹಾ ಬೇಕಲ್ಲ. "ತೆ" ಅಂತ ಕೇಳಿದರೆ ಬಿಸಿನೀರು, ಒಂದು ಚೀಲ, ಒಂದು ಹೋಳು ನಿಂಬೆ. ಹಾಲು ಕೇಳಿದರೆ ತಣ್ಣನೆಯ ಹಾಲು. ನಿಂಬೆ, ಹಾಲು ಎರಡೂ ಎದುರಿಟ್ಟುಕೊಂಡು ಅಮ್ಮ ನನ್ನ ಮುಖ ನೋಡಿದಳು. ರೂಮಿನಲ್ಲಿ ಕೆಟಲ್ ಇಲ್ಲ. ಊರಿನಿಂದ ತಂದ ಪುಟ್ಟ ಕೆಟಲಿನ ಮೂರು ದಪ್ಪ ಪಿನ್ನು ಇಟಲಿಯ ಸಾಕೆಟಿಗೆ ಹೋಗುವುದಿಲ್ಲ. ಮೊಬೈಲ್ ಚಾರ್ಜರಿನ ಎರಡು ಸಪುರ ಪಿನ್ನು ಮಾತ್ರ ಹೋಗುತ್ತದೆ. ಕೊನೆಗೆ ಕಪುಚಿನೊ ದಾರಿ ತೋರಿಸಿತು. ಎರಡು ಚಮಚ ಸಕ್ಕರೆ ಹಾಕಿ, ರಸ್ಕು ಅದ್ದಿ, "ಕಾಫಿ ಅಡ್ಡಿಲ್ಲ, ನೊರೆ ಜಾಸ್ತಿ" ಅಂತ ಸರ್ಟಿಫಿಕೇಟ್ ಕೊಟ್ಟಳು.

ರೂಮ್ ಗುಡಿಸಲು ಬರುತ್ತಿದ್ದ ಹೆಂಗಸು ಅಲ್ಬೇನಿಯಾದವಳು. ತೊಂಬತ್ತರ ದಶಕದಲ್ಲಿ ಚಿಕ್ಕವಳಿದ್ದಾಗ ದೋಣಿಯಲ್ಲಿ ಬಂದದ್ದಂತೆ. 1991ರ ಆಗಸ್ಟ್ 8ರಂದು ವ್ಲೋರಾ ಅನ್ನುವ ಒಂದೇ ಹಡಗಿನಲ್ಲಿ ಸುಮಾರು 20 ಸಾವಿರ ಅಲ್ಬೇನಿಯನ್ನರು ಇದೇ ಬಾರಿ ಬಂದರಿಗೆ ಬಂದಿಳಿದಿದ್ದರು. ಕಂಬ, ಹಗ್ಗ, ಏಣಿ, ಎಲ್ಲಿ ನೋಡಿದರೂ ಜನ ಜೋತುಬಿದ್ದ ಆ ಫೋಟೋ ನೀವೂ ನೋಡಿರಬಹುದು. ಅವರಲ್ಲಿ ಹೆಚ್ಚಿನವರನ್ನು ಇಟಲಿ ವಾಪಸ್ ಕಳಿಸಿತು. ಇವಳು ಬಂದದ್ದು ಅದರಲ್ಲಲ್ಲ, ಆಮೇಲೆ. ಅಮ್ಮ ಅವಳಿಗೆ ಕನ್ನಡದಲ್ಲೇ ಎಲ್ಲ ಕೇಳುತ್ತಿದ್ದಳು, ಅವಳು ಇಟಾಲಿಯನ್‌ನಲ್ಲಿ ಉತ್ತರ ಕೊಡುತ್ತಿದ್ದಳು. ಎಷ್ಟು ಮಕ್ಕಳು ಅನ್ನುವುದು ಇಬ್ಬರಿಗೂ ಗೊತ್ತಾಯಿತು.

ಎರಡನೇ ದಿನ ಟ್ರೈನ್ ಹತ್ತಿ ಬಾರಿಯ ಹಳೇ ಊರಿಗೆ ಹೋದೆವು. ಅಮ್ಮನಿಗೆ ಚರ್ಚಿಗಿಂತ ಮೊದಲು ಮೀನಿನ ದಕ್ಕೆ ನೋಡಬೇಕಿತ್ತು. ಹಳೇ ಬಂದರಿನಲ್ಲಿ ಸಾನ್ ನಿಕೋಲಾ ಕಟ್ಟೆ ಅಂತ ಇದೆ. ಬೆಳಿಗ್ಗೆ ಅಲ್ಲಿ ದೋಣಿಯವರು ಮೀನು ತಂದು ಮಾರುತ್ತಾರೆ. ನಮ್ಮ ದಕ್ಕೆಯ ಮುಂದೆ ತೀರಾ ಸಣ್ಣದು. ಅಲ್ಲೊಬ್ಬ ಹೊಟ್ಟೆ ದಪ್ಪದ ಮನುಷ್ಯ ಆಕ್ಟೋಪಸ್ಸನ್ನು ತಲೆ ಹಿಡಿದು ಕಲ್ಲಿಗೆ ಬಡಿಯುತ್ತಿದ್ದ. ಎತ್ತುವುದು, ಬಡಿಯುವುದು. ಥೇಟ್ ಬಟ್ಟೆ ಒಗೆದ ಹಾಗೆ, ಅದೇ ತಾಳ. ಸುಮಾರು ಬಡಿದ ಮೇಲೆ ನೀರಿದ್ದ ಬೋಗುಣಿಗೆ ಹಾಕಿ ಗರಗರ ತಿರುಗಿಸಿದ. ತಿರುಗಿಸುತ್ತಾ ತಿರುಗಿಸುತ್ತಾ ಅದರ ಕಾಲುಗಳು ಗುಂಗುರು ಕೂದಲಿನ ಹಾಗೆ ಸುತ್ತಿಕೊಂಡವು. ಮಾಂಸ ಮೆತ್ತಗಾಗಲು ಹೀಗೆ ಮಾಡುವುದು. ಅಮ್ಮ ಕಣ್ಣು ಮಿಟುಕಿಸದೆ ನೋಡಿದಳು. ಕೆಲಸ ಗೊತ್ತಿದ್ದವರ ಕೈ ಅಂತ ಅವಳಿಗೆ ಮೆಚ್ಚುಗೆ. ಆಮೇಲೆ ಅವನು ಒಂದು ತುಂಡು ಕತ್ತರಿಸಿ, ಹಾಗೇ ಹಸಿಯಾಗಿ, ಪಕ್ಕದಲ್ಲಿದ್ದವನ ಕೈಗೆ ಕೊಟ್ಟ. ಅವನು ಬಾಯಿಗೆ ಹಾಕಿಕೊಂಡ.

"ಬೇಯಿಸೂದಿಲ್ವಾ?!"

ಬಾರಿಯವರಿಗೆ ಹಸಿ ಮೀನಿನ ಹುಚ್ಚು. ಆಕ್ಟೋಪಸ್, ಕಪ್ಪೆಬೊಂಡಾಸಿನ (ಕಟಲ್‌ಫಿಶ್) ಮರಿ, ಕಡಲ ಮುಳ್ಳುಚೆಂಡು ಎಲ್ಲ ಹಸಿಯಾಗೇ ತಿನ್ನುತ್ತಾರೆ. 1973ರಲ್ಲಿ ನೇಪಲ್ಸ್ ಮತ್ತು ಬಾರಿಯಲ್ಲಿ ಕಾಲರಾ ಬಂದಾಗ ಬೆರಳು ಹೋದದ್ದು ಹಸಿ ಚಿಪ್ಪಿನ ಕಡೆಗೇ. ಆದರೂ ಬಿಡಲಿಲ್ಲ. ಅವನು ಅಮ್ಮನಿಗೂ ಒಂದು ತುಂಡು ಚಾಚಿದ. ಮೀನು ಇಲ್ಲದೆ ಅನ್ನ ಇಳಿಯದ ನನ್ನ ಅಮ್ಮ, ಜೀವನದಲ್ಲಿ ಮೊದಲ ಸಲ ಕೈ ಮುಗಿದು ಮೀನು ಬೇಡ ಅಂದಳು.

ಸಾನ್ ನಿಕೋಲಾ ಬಸಿಲಿಕಾ ಅಲ್ಲಿಂದ ನಡೆಯುವಷ್ಟು ದೂರ. ಸಾಂಟಾ ಕ್ಲಾಸ್ ಅಂತ ನಾವು ಕರೆಯುವ ಸಂತ ನಿಕೋಲಸ್‌ನ ಎಲುಬುಗಳು ಇರುವುದು ಈ ಚರ್ಚಿನ ನೆಲಮಾಳಿಗೆಯಲ್ಲಿ. 1087ರಲ್ಲಿ ಬಾರಿಯ 62 ನಾವಿಕರು ಈಗಿನ ಟರ್ಕಿಯಲ್ಲಿರುವ ಮೈರಾದಿಂದ ಎತ್ತಿಕೊಂಡು ಬಂದದ್ದು. ಇವರ ಭಾಷೆಯಲ್ಲಿ ಅದು "ತಂದದ್ದು", ಬೇರೆಯವರು ಕದ್ದದ್ದು ಅನ್ನುತ್ತಾರೆ. ಮೇ ತಿಂಗಳ ಹಬ್ಬದಲ್ಲಿ ಸಂತನ ಮೂರ್ತಿಯನ್ನು ದೋಣಿಯಲ್ಲಿ ಕಡಲಿಗೆ ಒಯ್ಯುತ್ತಾರೆ. ಇದನ್ನು ಕೇಳಿದ ಮೇಲೆ ಅಮ್ಮನಿಗೆ ಭಕ್ತಿ ಬಂತು. ಕಡಲಿಗೆ ಹೋಗುವವರ ದೇವರು ಅಂದರೆ ನಮ್ಮವನೇ ಅಲ್ವಾ. ಒಂದು ಮೇಣದಬತ್ತಿ ಹಚ್ಚಿದಳು.

ಮಧ್ಯಾಹ್ನ ಎರಡರ ಹೊತ್ತಿಗೆ ಅಂಗಡಿಗಳು ಒಂದೊಂದಾಗಿ ಬಾಗಿಲು ಎಳೆದವು. ದಕ್ಷಿಣ ಇಟಲಿಯಲ್ಲಿ ಊಟದ ನಂತರದ ಬಿಸಿಲಿನ ಹೊತ್ತಿಗೆ "ಕೊಂತ್ರೋರಾ" ಅಂತಲೇ ಹೆಸರಿದೆ. ಮತ್ತೆ ತೆಗೆಯುವುದು ಸಂಜೆಯೇ. ಮುಚ್ಚುವ ಮೊದಲು ಒಂದು ಬೇಕರಿಯಲ್ಲಿ ಫೊಕಾಚ್ಚಾ ಕಟ್ಟಿಸಿಕೊಂಡಿದ್ದು ಒಳ್ಳೆಯದಾಯಿತು. ತೂಕ ಮಾಡಿ ಕೊಡುತ್ತಾರೆ. ಹಿಟ್ಟಿಗೆ ಬೇಯಿಸಿದ ಆಲೂಗಡ್ಡೆ ಸೇರಿಸಿರುತ್ತಾರೆ, ಮೇಲೆ ಟೊಮೇಟೊ, ಆಲಿವ್, ಎಣ್ಣೆ ಧಾರಾಳ. ಇಬ್ಬರ ಹೊಟ್ಟೆ ನಾಲ್ಕೈದು ಯೂರೋದಲ್ಲಿ ತುಂಬಿತು. ಊಟದ ಹೋಟೆಲಿನಲ್ಲಿ ಕೂತು ಉಣ್ಣುವುದಾದರೆ ಕೂತದ್ದಕ್ಕೇ ತಲೆಗೆ ಒಂದೆರಡು ಯೂರೋ "ಕೊಪೆರ್ತೊ" ಅಂತ ಬಿಲ್ಲಿಗೆ ಬರುತ್ತದೆ.

ಆ ಪೊಟ್ಟಣ ಹಿಡಿದು ನಾವು ಮರಳು ಹುಡುಕಿಕೊಂಡು ಹೋದೆವು. ಊರೊಳಗೇ ಒಂದು ಮರಳಿನ ಬೀಚ್ ಇದೆ, ಪುಕ್ಕಟೆ. ಹೆಸರು ಪಾನೆ ಎ ಪೊಮೊದೋರೊ. ಅಂದರೆ ಬ್ರೆಡ್ಡು ಮತ್ತು ಟೊಮೇಟೊ! ಅದರ ಆಚೆಗೆ ಕಡಲಿಗೆ ಅಡ್ಡಲಾಗಿ ಕಟ್ಟಿದ್ದ ಪುಂತಾ ಪೆರೊತ್ತಿ ಅನ್ನುವ ದೈತ್ಯ ಕಟ್ಟಡಗಳನ್ನು 2006ರಲ್ಲಿ ಸಿಡಿಮದ್ದು ಇಟ್ಟು ಬೀಳಿಸಿದರು. ಈಗ ಅಲ್ಲಿ ಪಾರ್ಕ್. ಬೀಚಿನಲ್ಲಿ ಅಜ್ಜಿಯಂದಿರು ಮಡಚುವ ಕುರ್ಚಿಯನ್ನು ನೀರಿನೊಳಗೇ ಹಾಕಿ, ಮೊಣಕಾಲುದ್ದ ನೀರಿನಲ್ಲಿ ಕೂತು ಇಸ್ಪೀಟು ಆಡುತ್ತಿದ್ದರು. ಅಮ್ಮ ಸೀರೆ ಎತ್ತಿ ಕಟ್ಟಿ ಅವರ ಪಕ್ಕ ನಿಂತಳು. ಅವರಲ್ಲೊಬ್ಬರು ಚೀಲದಿಂದ ಏನೋ ತೆಗೆದು ಅವಳ ಕೈಗೆ ಸುರಿದರು. ಅಮ್ಮ ನನ್ನ ಕಡೆ ತಿರುಗಿ ಕೂಗಿದಳು. "ಮಗಾ, ಕೋಡುಬಳೆ!"

ತರಾಲ್ಲಿ ಅಂತಾರೆ ಅದನ್ನು. ಬೆರಳುಗಾತ್ರದ ಬಳೆ, ಕೆಲವಕ್ಕೆ ಸೋಂಪು ಹಾಕಿರುತ್ತಾರೆ. ಕರಿಯುವುದಿಲ್ಲ, ಮೊದಲು ನೀರಿನಲ್ಲಿ ಕುದಿಸಿ ಆಮೇಲೆ ಸುಡುತ್ತಾರೆ. ಖಾರ ಇಲ್ಲ ಅನ್ನುವುದು ಬಿಟ್ಟರೆ ಅಮ್ಮನಿಗೆ ದೂರು ಇರಲಿಲ್ಲ. ಮಾರನೇ ದಿನ ಅಂಗಡಿಯಿಂದ ಒಂದು ಕಿಲೋ ಕೊಂಡೆವು.

ಆ ಮಾರನೇ ದಿನ ಗಾಳಿ ಎದ್ದಿತು. ವಾಯವ್ಯದಿಂದ ಬೀಸುವ ಮಾಯೆಸ್ತ್ರಾಲೆ. ಮಧ್ಯಾಹ್ನದವರೆಗೆ ಅಲೆ ಬಂಡೆಗೆ ಅಪ್ಪಳಿಸಿ ರಸ್ತೆಯವರೆಗೆ ಹನಿ ಹಾರುತ್ತಿತ್ತು. ಏಣಿ ನೀರಿನಲ್ಲಿ ಮುಳುಗಿ ಏಳುತ್ತಿತ್ತು. ಬೀಚೂ ಇಲ್ಲ, ಏಣಿಯೂ ಇಲ್ಲ. ಕೌಂಟರಿನವರು ಬೆರಳು ಮೇಲೆತ್ತಿ "ಮಾಯೆಸ್ತ್ರಾಲೆ" ಅಂದರು, ಆಮೇಲೆ ಎ.ಸಿ. ರಿಮೋಟಿನ ಡ್ರಾಯರ್ ಮುಚ್ಚಿ ಕಣ್ಣು ಹೊಡೆದರು. ನಿಜವೇ, ಆ ರಾತ್ರಿ ರೂಮಿನಲ್ಲಿ ಹೊದಿಕೆ ಬೇಕಾಯಿತು. ಆದರೆ ಹಿಂದಿನ ಎರಡು ರಾತ್ರಿ ತೆರೆದ ಕಿಟಕಿಯಿಂದ ಬಂದ ಸೊಳ್ಳೆಗಳ ಲೆಕ್ಕ ನನ್ನ ಕಾಲಿನ ಮೇಲೆ ಇನ್ನೂ ಇತ್ತು.

ಹೊರಡುವ ದಿನ ಎಚ್ಚರವಾದಾಗ ಪಕ್ಕದ ಮಂಚ ಖಾಲಿ. ಗಂಟೆ ಐದೂಕಾಲು. ಬಾತ್‌ರೂಮ್ ನೋಡಿದೆ, ಬಾಲ್ಕನಿ ನೋಡಿದೆ. ಕೆಳಗೆ ಓಡಿದರೆ ಕೌಂಟರಿನವರು ನಿದ್ದೆಗಣ್ಣಲ್ಲೇ ಬಾಗಿಲಿನ ಆಚೆ ಕೈ ತೋರಿಸಿದರು. ರಸ್ತೆ ದಾಟಿದೆ. ಗಾಳಿ ಇಳಿದು ನೀರು ಎಣ್ಣೆ ಹಾಕಿದ ಹಾಗೆ ಮಲಗಿತ್ತು. ಅಮ್ಮ ಏಣಿಯ ಕೆಳಗಿನ ಮೆಟ್ಟಿಲಿನ ಮೇಲೆ, ಸೊಂಟದವರೆಗೆ ನೀರಿನಲ್ಲಿ, ಎರಡೂ ಕೈಯಲ್ಲಿ ಕಬ್ಬಿಣ ಹಿಡಿದುಕೊಂಡು ನಿಂತಿದ್ದಳು. ನೈಟಿಯಲ್ಲೇ.

ಅವಳ ಎದುರು, ನೀರಿನ ಗೆರೆಯ ಮೇಲೆ, ಸೂರ್ಯ ಏಳುತ್ತಿದ್ದ.

ನನಗೆ ಆಗ ಹೊಳೆಯಿತು. ಅಮ್ಮ ಇಷ್ಟು ವರ್ಷ ನೋಡಿದ್ದು ಕಡಲಿಗೆ ಇಳಿಯುವ ಸೂರ್ಯನನ್ನು. ನಮ್ಮ ಕರಾವಳಿಯಲ್ಲಿ ಅವನು ಹುಟ್ಟುವುದು ಘಟ್ಟದ ಹಿಂದೆ, ತೆಂಗಿನ ತೋಟದ ಮೇಲೆ. ಕಡಲಿನಿಂದ ಎದ್ದು ಬರುವುದನ್ನು ಅವಳು ನೋಡಿರಲೇ ಇಲ್ಲ. ಪೂರ್ತಿ ಮೇಲೆ ಬರುವವರೆಗೆ ಒಂದೂ ಮಾತಾಡಲಿಲ್ಲ. ಆಮೇಲೆ ಕೇಳಿದಳು, "ಹಾಗಾದ್ರೆ ಇಲ್ಲಿ ಮುಳುಗೂದು ಎಲ್ಲಿ?" ನಾನು ಹಿಂದಕ್ಕೆ ಕೈ ತೋರಿಸಿದೆ. ರೈಲು ಹಳಿಯ ಆಚೆ, ಆಲಿವ್ ತೋಟಗಳ ಕಡೆಗೆ.

ಮೇಲೆ ಬಂದು ಟವೆಲ್ ಹೊದ್ದುಕೊಂಡು ಮೊದಲು ಫೋನ್ ತೆಗೆದಳು. ಊರಿನಲ್ಲಿ ಆಗ ಬೆಳಿಗ್ಗೆ ಒಂಬತ್ತು. ಗಂಗೊಳ್ಳಿಯ ಚಿಕ್ಕಮ್ಮ ವೀಡಿಯೋದಲ್ಲಿ ಬಂದರು. ಅಮ್ಮ ಅವರಿಗೆ ಸೂರ್ಯನನ್ನು ತೋರಿಸಿದಳು, ಬಂಡೆ ತೋರಿಸಿದಳು, ಹೋಟೆಲಿನ ಸುಣ್ಣ ಹೋದ ಗೋಡೆ ತೋರಿಸಿದಳು.

"ಬೀಚ್ ಎಲ್ಲುಂಟು ಅಕ್ಕ? ಹೊಯ್ಗೆ ಕಾಣೂದಿಲ್ಲ" ಅಂದರು ಚಿಕ್ಕಮ್ಮ.

"ಹೊಯ್ಗೆ ಇಲ್ಲ," ಅಂದಳು ಅಮ್ಮ. ಫೋನು ಕೆಳಗೆ ತಿರುಗಿಸಿದಳು. "ಏಣಿ ಉಂಟು, ಕಾಣು."